ಚೆಂಡೆ ಬಾರಿಸುವಾಗ ಇಲ್ಲದ ಟಿಕ್ಸ್ ಬೋರ್ಡ್ ನೋಡಿ ಬರೆಯುವಾಗ ಎಲ್ಲಿಂದ ಬರ್ತದೆ?

ಡೊಂಬಿವಿಲಿ_ಅಮ್ಮ:

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗ್ತದೆ, ಬೇಸರ ಮಾಡ್ಬೇಡಿ. ಊರು ಕಾರ್ಕಳದ ಹತ್ರ, ಹದಿನಾಲ್ಕು ವರ್ಷದಿಂದ ಮುಂಬೈ ಹತ್ರದ ಡೊಂಬಿವಿಲಿ, ಇವರದ್ದು ಹೋಟೆಲ್ ಲೈನು. ಮಗನಿಗೆ ಒಂಬತ್ತು, ನಾಲ್ಕನೇ ಕ್ಲಾಸು. ಎರಡು ವರ್ಷದ ಹಿಂದೆ ಕಣ್ಣು ಮಿಟುಕಿಸ್ಲಿಕ್ಕೆ ಶುರು ಮಾಡಿದ, ಟಿವಿ ನೋಡಿ ನೋಡಿ ಆದದ್ದು ಅಂತ ಕಣ್ಣಿನ ಡಾಕ್ಟರ್ ಹತ್ರ ಹೋದೆವು, ಡ್ರಾಪ್ಸ್ ಹಾಕಿ ಆಯ್ತು, ನಿಂತಿತು. ನಿಂತಿತು ಅಂತ ಖುಷಿ ಪಡುವಷ್ಟರಲ್ಲಿ ಗಂಟಲು ಕೆರೆಯುವ ಶಬ್ದ, ಅದಕ್ಕೆ ಅಲರ್ಜಿ ಅಂತ ಮೂರು ತಿಂಗಳು ಸಿರಪ್. ಆಮೇಲೆ ಹೆಗಲು ಎತ್ತಿ ಎತ್ತಿ ಹಾಕುದು. ಕಡೆಗೆ ಈ ಜೂನ್‌ನಲ್ಲಿ ಮಕ್ಕಳ ನರರೋಗದ ಡಾಕ್ಟರಿಗೆ ತೋರಿಸಿದಾಗ ಇದು ಟುರೆಟ್, ಹೀಗೆ ತನ್ನಿಂದ ತಾನೇ ಬರುವ ಚಲನೆ, ಶಬ್ದಕ್ಕೆ ಟಿಕ್ಸ್ ಅನ್ನುದು, ಜೊತೆಗೆ ಎಡಿಎಚ್‌ಡಿ, ಅಂದ್ರೆ ಗಮನ ನಿಲ್ಲದ ತೊಂದರೆ ಕೂಡ ಉಂಟು ಅಂದ್ರು. ಸೈಕಾಲಜಿಸ್ಟ್ ಟೆಸ್ಟ್ ಮಾಡಿ ಆರು ಪುಟದ ರಿಪೋರ್ಟ್ ಕೊಟ್ಟಿದ್ದಾರೆ, ಬುದ್ಧಿ ಒಳ್ಳೇದುಂಟು ಆದ್ರೆ ಎಕ್ಸಿಕ್ಯೂಟಿವ್ ಫಂಕ್ಷನ್ ವೀಕ್ ಅಂತ. ಇದು ಎಂತದ್ದು ಅಂತ ನನಗೆ ಸರಿ ಅರ್ಥ ಆಗ್ಲಿಲ್ಲ.

ಯಾಕೆ ಕೇಳುದು ಅಂದ್ರೆ, ಭಾನುವಾರ ಚೆಂಡೆ ಕ್ಲಾಸಿಗೆ ಹೋಗ್ತಾನೆ, ಒಂದೂವರೆ ಗಂಟೆ ಕೂತು ಬಾರಿಸ್ತಾನೆ, ತಾಳದ ಲೆಕ್ಕ ಒಂದೂ ತಪ್ಪುದಿಲ್ಲ, ಒಂದು ಸಲವೂ ಹೆಗಲು ಎತ್ತುದಿಲ್ಲ. ಅದೇ ಹುಡುಗ ಶಾಲೆಯಲ್ಲಿ ಬೋರ್ಡ್ ಮೇಲಿನ ಐದು ಸಾಲು ಬರೆದು ತರುದಿಲ್ಲ. ಈ ವರ್ಷ ಎರಡು ಟಿಫಿನ್ ಡಬ್ಬಿ, ಒಂದು ಛತ್ರಿ, ಕಂಪಾಸ್ ಬಾಕ್ಸ್ ಹೋಯ್ತು. ಓಪನ್ ಡೇ ದಿನ ಟೀಚರ್ ಎಲ್ಲರೆದುರು "ಕೇರ್‌ಲೆಸ್" ಅಂದ್ರು. ಅತ್ತೆ ಹೇಳುದು, ಬೇಕಾದ್ದಕ್ಕೆ ಗಮನ ಬರ್ತದಲ್ಲ, ಬೇಡದ್ದಕ್ಕೆ ನಾಟಕ ಅಂತ. ಸತ್ಯ ಹೇಳುದಾದ್ರೆ ಒಮ್ಮೊಮ್ಮೆ ನನಗೂ ಹಾಗೇ ಅನಿಸ್ತದೆ. ಟಿಕ್ಸ್ ಬಂದಾಗ ನಿಲ್ಲಿಸು ಅಂತ ಹೇಳುದಾ, ಸುಮ್ಮನೆ ಬಿಡುದಾ? ಗಮನಕ್ಕೆ ಮಾತ್ರೆ ಕೊಟ್ರೆ ಟಿಕ್ಸ್ ಜಾಸ್ತಿ ಆಗ್ತದೆ ಅಂತ ಬಿಲ್ಡಿಂಗಿನವರೊಬ್ಬರು ಹೆದರಿಸಿದ್ದಾರೆ, ಅದೊಂದು ಬೇರೆ.

ಪುಣೆ_ಸಾಲಿ_ಟೀಚರ್:

ಅಕ್ಕಾರ, ನಾನು ಪುಣೆದಾಗ ಸ್ಪೆಷಲ್ ಎಜುಕೇಟರ್, ಊರು ವಿಜಯಪುರ. ಡಾಕ್ಟರ್ ಅಲ್ಲ, ದಿನಾ ಇಂಥ ಹುಡುಗರ ಜೋಡಿ ಕೂಡಾಕಿ ಅಷ್ಟ.

ನಿಮ್ಮ ಮನಿಯವರು ಹೋಟೆಲ್ ಲೈನ್ ಅಂದ್ರಿ, ಹಂಗಾದ್ರ ಅವರಿಗೆ ಒಂದ ಮಾತಿನಾಗ ತಿಳೀತದ. ಅಡಿಗಿ ಭಟ್ರು ಚಲೋ ಇದ್ದಾರ, ಸಾಮಾನೂ ಅದ, ಆದ್ರ ಯಾವ ಟೇಬಲ್ಲಿನ ಆರ್ಡರ್ ಮೊದಲ, ಯಾವುದು ತಡದ್ರ ನಡೀತದ, ಪಾರ್ಸೆಲ್ ಯಾರದು ಬಾಕಿ ಅಂತ ನೆನಪಿಟ್ಟು ಹೇಳಾಂವ ಅರ್ಧಾ ದಿನ ರಜಾ. ತಿಂಡಿ ರುಚಿ ಇದ್ರೂ ಗಿರಾಕಿ ಎದ್ದು ಹೋಗ್ತಾನ. ಆ ಹೇಳಾಂವನ ಕೆಲಸಕ್ಕ ಎಕ್ಸಿಕ್ಯೂಟಿವ್ ಫಂಕ್ಷನ್ ಅಂತಾರ. ಒಂದು ಮಾತನ್ನ ಕೆಲಸ ಮುಗಿಯೂತನಕ ತಲಿಯೊಳಗ ಹಿಡಿದು ಇಟ್ಕೊಳ್ಳೂದು, ಮನಸ್ಸಿಗೆ ಬಂದದ್ದನ್ನ ತಡಿಯೂದು, ಒಂದು ಬಿಟ್ಟು ಇನ್ನೊಂದಕ್ಕ ಹೊಳ್ಳೂದು, ಮುಖ್ಯ ಇವು ಮೂರು. ಬುದ್ಧಿ ಚಲೋ ಇದ್ರೂ ಇದು ವೀಕ್ ಇರಬಹುದು.

ಈಗ ಬೋರ್ಡಿನ ವಿಷಯಾ ನೋಡ್ರಿ, ನಮಗ ಅದು ಒಂದ ಕೆಲಸ ಕಂಡಂಗ ಕಾಣ್ತದ. ತಲಿ ಎತ್ತಿ ಸಾಲು ಓದಬೇಕು, ನಾಕು ಶಬ್ದ ತಲಿಯಾಗ ಇಟ್ಕೋಬೇಕು, ಕಣ್ಣು ಕೆಳಗ ತರಬೇಕು, ವಹಿಯೊಳಗ ಜಾಗಾ ಹುಡುಕಬೇಕು, ಬರೀಬೇಕು, ಮತ್ತ ತಲಿ ಎತ್ತಿ ಬೋರ್ಡಿನ ಮ್ಯಾಲೆ ಎಲ್ಲಿ ಬಿಟ್ಟಿದ್ದೆ ಅಂತ ಹುಡುಕಬೇಕು. ನಡುವ ಒಂದು ಕಣ್ಣು ಮಿಟುಕು ಬಂತು, ಹೆಗಲು ಎದ್ದಿತು, ಜಾಗಾ ತಪ್ಪಿತು, ಮತ್ತ ಮೊದಲಿಂದ. ಇಷ್ಟರಾಗ ಟೀಚರ್ ಬೋರ್ಡ್ ಅಳಿಸಿರ್ತಾರ. ಚೆಂಡಿ ಹಂಗಲ್ಲ. ಈಗ ಬಿದ್ದ ಪೆಟ್ಟ ಮುಂದಿನ ಪೆಟ್ಟಿಗೆ ಕರೀತದ, ತಪ್ಪಿದ್ರ ಅದ ಕ್ಷಣಕ್ಕ ಕಿವಿಗೆ ಗೊತ್ತಾಗ್ತದ, ಗುರುಗಳು ಎದುರಿಗೇ ಕೂತಿರ್ತಾರ. ಬೋರ್ಡಿನಂಗ ತಲಿಯೊಳಗ ಹಿಡಿದು ಇಟ್ಕೊಂಡು ಕೂಡೂ ಕೆಲಸ ಕಮ್ಮಿ. ಮತ್ತ ಟಿಕ್ಸ್ ಇದ್ದವರಿಗೆ ಹಾಡು, ವಾದ್ಯ, ಆಟದೊಳಗ ಪೂರ್ತಿ ಮುಳುಗಿದಾಗ ಅವು ಕಮ್ಮಿ ಆಗೂದು ಎಲ್ಲಾ ಕಡೆ ಕಂಡದ್ದ. ನಾಟಕ ಅಲ್ರಿ, ಅತ್ತಿಯವರಿಗೆ ಹೇಳ್ರಿ.

ಇನ್ನೊಂದು. ಬರೇ ಟಿಕ್ಸ್ ಇದ್ದು ಎಡಿಎಚ್‌ಡಿ ಇಲ್ಲದ ಮಕ್ಕಳು ಈ ಟೆಸ್ಟಿನೊಳಗ ಹೆಚ್ಚಾಗಿ ಉಳಿದ ಮಕ್ಕಳಂಗ ಮಾಡ್ತಾರ. ಡಬ್ಬಿ ಮರಿಯೂದು, ಅರ್ಧಾ ಬಿಡೂದು, ಇದು ಬಹಳಷ್ಟು ಎಡಿಎಚ್‌ಡಿ ಕಡಿಂದ ಬರ್ತದ. ಟುರೆಟ್ ಅಂತ ಆಸ್ಪತ್ರಿಗೆ ಬರೂ ಮಕ್ಕಳಾಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ಎರಡೂ ಇರ್ತದ. ಹಂಗಾಗಿ ಟಿಕ್ಸ್ ನಿಂತ್ರ ಗಮನ ತಾನ ಸರಿ ಆಗ್ತದ ಅಂತ ಕಾಯಬ್ಯಾಡ್ರಿ.

ಅಂದಂಗ ಟೆಸ್ಟ್ ಯಾವ ಭಾಷಾದಾಗ ಮಾಡಿದ್ರು ಕೇಳ್ರಿ. ಮನ್ಯಾಗ ತುಳು ಕನ್ನಡ, ಓಣ್ಯಾಗ ಮರಾಠಿ, ಸಾಲ್ಯಾಗ ಇಂಗ್ಲಿಷ್, ಅಂಥಾ ಹುಡುಗಗ ಅಂಕಿ ಹೇಳಿ ಉಲ್ಟಾ ಹೇಳು ಅನ್ನೂ ಟೆಸ್ಟ್ ಹಿಂದಿಯಾಗ ಮಾಡಿದ್ರ ಅದು ಹಿಂದಿ ಪರೀಕ್ಷಾ ಆಗ್ತದ.

ಮಾಟುಂಗಾ_ರಾಯರು:

ನಾನು ಮುಂಬೈಗೆ ಬಂದು ಐವತ್ತು ವರ್ಷ ಆಯ್ತು. ನಮ್ಮ ಕಾಲದಲ್ಲೂ ಕಣ್ಣು ಹೊಡೆಯೋ ಹುಡುಗರು, ಗಂಟಲು ಕ್ಯಾಕರಿಸೋರು ಇದ್ರು, ಯಾರೂ ಆರು ಪುಟದ ರಿಪೋರ್ಟ್ ಬರೀತಿರ್ಲಿಲ್ಲ. ನಾನೇ ಏನು ಕಮ್ಮಿ ಮರೆಗುಳಿನಾ, ಸ್ಲೇಟು ಎಷ್ಟು ಕಳೆದಿದೀನೋ ದೇವರಿಗೇ ಗೊತ್ತು. ನಮ್ಮಮ್ಮ ರಾತ್ರಿನೇ ಚೀಲ ಕಟ್ಟಿ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ, ಅದರ ಮೇಲೆ ಅಂಗಿ, ಅಂಗಿ ಮೇಲೆ ಟೋಪಿ ಇಟ್ಟು ಮಲಗೋರು. ತಪ್ಪಿದ್ರೆ ಎರಡು ಬೀಳ್ತಿತ್ತು. ಈಗ ಎಲ್ಲದಕ್ಕೂ ಒಂದು ಇಂಗ್ಲಿಷ್ ಹೆಸರು.

ವಾಸ್ಕೋ_ಕನ್ನಡಿಗ:

ರಾಯರೇ ಸಿಟ್ಟಾಗ್ಬೇಡಿ, ಈ ಥ್ರೆಡ್‌ನಲ್ಲಿ ಬಂದ ಅತಿ ಒಳ್ಳೆ ಚಿಕಿತ್ಸೆ ನಿಮ್ಮಮ್ಮನ ಮೊಳೆನೇ. ನೆನಪನ್ನ ಹುಡುಗನ ತಲೆಯಿಂದ ತೆಗೆದು ಗೋಡೆ ಮೇಲೆ ಹಾಕಿದ್ರು ಅವರು. ಆ ಎರಡು ಏಟು ಬಿಟ್ಟಿದ್ರೂ ಮೊಳೆ ಕೆಲಸ ಮಾಡ್ತಿತ್ತು.

ಅಕ್ಕ, ನನಗೆ 34, ಏಳನೇ ವರ್ಷದಿಂದ ಟಿಕ್ಸ್ ಇದೆ, ಹೆಸರು ಗೊತ್ತಾಗಿದ್ದು 26ರಲ್ಲಿ. ನಿಲ್ಲಿಸು ಅಂತ ಹೇಳೋದಾ ಅಂತ ಕೇಳಿದ್ರಲ್ಲ, ಒಳಗಿಂದ ಹೇಗಿರುತ್ತೆ ಅಂತ ಹೇಳ್ತೀನಿ. ಇಲ್ಲಿ ಬೀಚಿಂದ ವಾಪಸ್ ಬರ್ತಾ ಚಪ್ಪಲಿ ಒಳಗೆ ಒಂದು ಹರಳು ಸೇರ್ಕೊಂಡಿರುತ್ತೆ ನೋಡಿ, ನಡೀಬಹುದು, ಯಾರ ಜೊತೆನೋ ಮಾತೂ ಆಡಬಹುದು, ಆದ್ರೆ ಮನಸ್ಸೆಲ್ಲಾ ಕಾಲಡಿಯಲ್ಲೇ. ಕೊಡವಿದ ಮೇಲೇ ಉಸಿರು. ನನಗೆ ಗಂಟಲಲ್ಲಿ ಹಾಗೆ, ಶಬ್ದ ಬರೋ ಮೊದಲು ಒಂಥರಾ ತುರಿಕೆ ಕೂತಿರುತ್ತೆ. ಹತ್ತು ನಿಮಿಷ ತಡೀಬಹುದು, ಆ ಹತ್ತು ನಿಮಿಷ ಟೀಚರ್ ಏನು ಹೇಳಿದ್ರು ಅಂತ ಕೇಳಿದ್ರೆ ಸೊನ್ನೆ. ಐದನೇ ಕ್ಲಾಸಲ್ಲಿ ನಾನು ಅತಿ ಶಾಂತ ಹುಡುಗ ಅಂತ ರಿಮಾರ್ಕ್ ಬಂದ ವರ್ಷವೇ ಗಣಿತದಲ್ಲಿ ಫೇಲ್ ಆಗಿದ್ದು. ಶಾಂತ ಇರೋದೇ ಫುಲ್ ಟೈಮ್ ಕೆಲಸ ಆಗಿತ್ತು.

ತಡೆದಿಟ್ರೆ ಆಮೇಲೆ ದುಪ್ಪಟ್ಟಾಗಿ ನುಗ್ಗುತ್ತೆ ಅಂತಾರಲ್ಲ, ಪ್ರಯೋಗ ಮಾಡಿ ನೋಡಿದಾಗ ಹಾಗೇನೂ ಕಂಡಿಲ್ಲ. ತಡೆಯೋವಾಗ ಬೇರೆ ಕೆಲಸದಲ್ಲಿ ತಪ್ಪು ಜಾಸ್ತಿ ಆಗೋದು ಮಾತ್ರ ಕಂಡಿದೆ. ಮನೆಗೆ ಬಂದ ತಕ್ಷಣ ಜಾಸ್ತಿ ಮಾಡ್ತಾನೆ ಅಂದ್ರೆ ಮನೇಲಿ ಯಾರೂ ನೋಡಿ ನಗಲ್ಲ ಅನ್ನೋ ನೆಮ್ಮದಿ ಇರಬಹುದು. ಮಾಡಿದಾಗ ಎತ್ತಿ ತೋರಿಸ್ಬೇಡಿ. "ಮತ್ತೆ ಮಾಡ್ದೆ ನೋಡು" ಅಂದ್ರೆ ಅದು ಎಣ್ಣೆ ಹುಯ್ದ ಹಾಗೆ.

ಹತ್ತರಿಂದ ಹನ್ನೆರಡು ವರ್ಷದ ಹೊತ್ತಿಗೆ ಸಾಮಾನ್ಯವಾಗಿ ಜಾಸ್ತಿ ಇರುತ್ತೆ, ಆಮೇಲೆ ಬಹಳ ಜನಕ್ಕೆ ಇಳಿಯುತ್ತೆ. ನನಗೆ ಈಗ ಮೂಗು ಸುಕ್ಕಿಸೋದು ಒಂದೇ ಉಳಿದಿದೆ. ಗೋವಾದಲ್ಲಿ ಇರೋದ್ರಿಂದ ಫುಟ್‌ಬಾಲ್ ಮಾತು ಬಿಡೋಕಾಗಲ್ಲ, 2014ರ ವಿಶ್ವಕಪ್‌ನಲ್ಲಿ ಬೆಲ್ಜಿಯಂ ಎದುರು ಗೋಡೆ ಥರ ನಿಂತ ಅಮೆರಿಕಾ ಗೋಲ್‌ಕೀಪರ್ ಟಿಮ್ ಹೋವರ್ಡ್‌ಗೆ ಟುರೆಟ್ ಇದೆ, ಅವನೇ ಹೇಳ್ಕೊಂಡಿದಾನೆ. ಮಗನಿಗೆ ಆ ಮ್ಯಾಚ್ ತೋರಿಸಿ.

ಮುಲುಂಡ್_ವೆಸ್ಟ್:

ಮಾತ್ರೆ ಬಗ್ಗೆ ನಾನು ಹೇಳ್ತೀನಿ, ನನ್ನ ಮಗಳಿಗೆ 11, ಅವಳಿಗೂ ಎರಡೂ ಇದೆ, ಒಂದು ವರ್ಷದಿಂದ ಮೀಥೈಲ್‌ಫೆನಿಡೇಟ್ ತಗೊಳ್ತಿದಾಳೆ. ಟಿಕ್ಸ್ ಜಾಸ್ತಿ ಆಗುತ್ತೆ ಅನ್ನೋದು ಹಳೇ ಭಯ. ನಮ್ಮ ಡಾಕ್ಟರ್ ಹೇಳಿದ್ದು, 2002ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಟಿಕ್ಸ್ ಮತ್ತು ಎಡಿಎಚ್‌ಡಿ ಎರಡೂ ಇದ್ದ 136 ಮಕ್ಕಳನ್ನ 16 ವಾರ ನೋಡಿದ್ರು, ಈ ಮಾತ್ರೆ ತಗೊಂಡವರಲ್ಲಿ ನೂರಕ್ಕೆ 20 ಜನಕ್ಕೆ ಟಿಕ್ಸ್ ಜಾಸ್ತಿ ಆಯ್ತು ಅಂತ ಬಂತು, ಸುಮ್ನೆ ಔಷಧಿ ಇಲ್ಲದ ಮಾತ್ರೆ ಕೊಟ್ಟವರಲ್ಲೂ 22 ಜನಕ್ಕೆ ಜಾಸ್ತಿ ಆಗಿತ್ತು. ಟಿಕ್ಸ್ ತಾನಾಗೇ ಏರುತ್ತೆ ಇಳಿಯುತ್ತೆ, ಏರಿದ ವಾರ ಯಾವ ಮಾತ್ರೆ ಇತ್ತೋ ಅದರ ತಲೆ ಮೇಲೆ ಅಪವಾದ. ಹಾಗಂತ ಯಾರಿಗೂ ಆಗೋದೇ ಇಲ್ಲ ಅಂತಲ್ಲ, ಡಾಕ್ಟರ್ ನೋಡ್ತಾ ನೋಡ್ತಾ ಡೋಸ್ ಸರಿ ಮಾಡ್ತಾರೆ. ಕ್ಲೋನಿಡಿನ್ ಅಂತ ಇನ್ನೊಂದಿದೆ, ಅದು ಟಿಕ್ಸ್‌ಗೂ ಗಮನಕ್ಕೂ ಎರಡಕ್ಕೂ ಬಳಸ್ತಾರೆ, ನಿದ್ದೆ ಬರಿಸುತ್ತೆ.

ಕಷ್ಟ ಏನಂದ್ರೆ ಹಸಿವು. ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ ಬರುತ್ತೆ. ನಾನು ಮಾತ್ರೆಗೆ ಮೊದಲೇ ಬೆಳಿಗ್ಗೆ ಎರಡು ದೋಸೆ ತುಪ್ಪ ಹಾಕಿ ತಿನ್ನಿಸ್ಬಿಡ್ತೀನಿ. ಇನ್ನೊಂದು, ಇದು ಶೆಡ್ಯೂಲ್ ಎಕ್ಸ್ ಔಷಧಿ, ಚೀಟಿ ಎರಡು ಪ್ರತಿ ಬೇಕು, ಒಂದು ಮೆಡಿಕಲ್‌ನವರೇ ಇಟ್ಕೊಳ್ತಾರೆ, ಎಲ್ಲಾ ಅಂಗಡೀಲೂ ಸಿಗಲ್ಲ. ಮುಗಿಯೋ ಹಿಂದಿನ ದಿನ ಓಡಬೇಡಿ.

ಪರೀಕ್ಷೆ ರಿಯಾಯಿತಿ ಬಗ್ಗೆ ಈಗಲೇ ಯೋಚಿಸಿ. 2016ರ ಅಂಗವಿಕಲರ ಕಾಯ್ದೆಯ 21 ವಿಧಗಳಲ್ಲಿ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಹೆಸರು ಇಲ್ಲ. ಅದಕ್ಕೇ ಓದೋದ್ರಲ್ಲಿ ಬರೆಯೋದ್ರಲ್ಲಿ ತೊಂದರೆ ಇದ್ರೆ ಎಲ್‌ಡಿ (ಕಲಿಕಾ ನ್ಯೂನತೆ) ಟೆಸ್ಟ್ ಸಹ ಮಾಡಿಸಿ ಅಂತಾರೆ, ಸಯಾನ್ ಆಸ್ಪತ್ರೆಯಲ್ಲಿ ಅದಕ್ಕೇ ಅಂತ ಕ್ಲಿನಿಕ್ ಇದೆ.

ಡೊಂಬಿವಿಲಿ_ಅಮ್ಮ:

ಹನ್ನೆರಡು ದಿನ ಆಯ್ತು, ಹೇಳುವ ಅಂತ ಬಂದೆ. ವಾಸ್ಕೋದವರು ಬರೆದದ್ದನ್ನು ರಾತ್ರಿ ಮಗನಿಗೆ ಓದಿ ಹೇಳಿದೆ. ಅವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ, ನಂಗೆ ಹರಳು ಹೆಗಲಲ್ಲಿ ಉಂಟು" ಅಂದ. ಎರಡು ವರ್ಷದಲ್ಲಿ ನಾನು ಒಮ್ಮೆಯೂ ಹೇಗಾಗ್ತದೆ ಅಂತ ಕೇಳಿರ್ಲಿಲ್ಲ ಮಾರಾಯ್ರೆ, ನಿಲ್ಲಿಸು ಅಂತ ಮಾತ್ರ ಹೇಳಿದ್ದು.

ಟೀಚರ್ ಹತ್ರ ಬೋರ್ಡಿನ ಕತೆ ಪುಣೆಯವರು ಹೇಳಿದ ಹಾಗೆಯೇ ಒಂದೊಂದಾಗಿ ಹೇಳಿದೆ. ಅವರೇ ಪಕ್ಕದ ಹುಡುಗಿಯ ಪುಸ್ತಕದಿಂದ ಬರೀಲಿ ಅಂದ್ರು, ತಲೆ ಎತ್ತುವ ಕೆಲಸ ಇಲ್ಲ. ಈಗ ಐದರಲ್ಲಿ ನಾಲ್ಕು ಸಾಲು ಬರ್ತದೆ. ಅಕ್ಷರ ಕೇಳ್ಬೇಡಿ.

ಮೊಳೆ ಹೊಡೆದೆವು. ಚೀಲ ಮರೆಯುದು ನಿಂತಿತು, ಟಿಫಿನ್ ಮಾತ್ರ ಅಡಿಗೆಮನೆ ಕಟ್ಟೆಯಲ್ಲೇ ಬಾಕಿ. ಈಗ ಟಿಫಿನ್ ತುಂಬಿಸಿ ಅವನ ಶೂ ಮೇಲೆಯೇ ಇಡುದು. ಅತ್ತೆಗೆ ಚಪ್ಪಲಿ ಶೂ ಹತ್ರ ಅನ್ನ ಇಡುದು ಆಗುದಿಲ್ಲ, ಅದೊಂದು ದಿನಾ ಜಗಳ. ಮಾತ್ರೆ ಬಗ್ಗೆ ಮುಂದಿನ ವಾರ ಡಾಕ್ಟರ್ ಹತ್ರ ಮಾತಾಡ್ಲಿಕ್ಕೆ ಉಂಟು. ಔಷಧಿ ಇಲ್ಲದೆ ಟಿಕ್ಸಿಗೆ ಎಂತಾದ್ರೂ ಉಂಟಾ?

ಪುಣೆ_ಸಾಲಿ_ಟೀಚರ್:

ಅದ ಅಕ್ಕಾರ, ಸಿಬಿಐಟಿ ಅಂತಾರ, ಟಿಕ್ಸ್ ಸಂಭಾಳಿಸೂದು ಕಲಿಸೂ ತರಬೇತಿ. ಹರಳು ಚುಚ್ಚಿದ ಕ್ಷಣ ಗುರುತು ಹಿಡಿಯೂದು ಮೊದಲನೇ ಪಾಠ, ನಿಮ್ಮ ಮಗಾ ಅದನ್ನ ಆಗಲೇ ಕಲ್ತಾನ. ಆಮ್ಯಾಲೆ ಟಿಕ್ ಬರಾಕ ಆಗದಂಥ ಬ್ಯಾರೆ ಕೆಲಸ ಮಾಡೂದು. ಹೆಗಲು ಏಳೂ ಹೊತ್ತಿಗೆ ಮೊಣಕೈ ಮೈಗೆ ಒತ್ತಿ ಹೆಗಲು ಕೆಳಗ ಇಳಿಸೂದು, ಗಂಟಲಿಗಾದ್ರ ಬಾಯಿ ಮುಚ್ಚಿ ಮೂಗಿನಿಂದ ನಿಧಾನ ಉಸಿರು. ಮೊದಮೊದಲ ಇದಕ್ಕೂ ಲಕ್ಷ್ಯ ಬೇಕಾಗ್ತದ, ಹಂಗಾಗಿ ಕ್ಲಾಸಿನ್ಯಾಗ ಬ್ಯಾಡ, ಮನ್ಯಾಗ ಚಾಲೂ ಮಾಡ್ರಿ. 2010ರಾಗ 9ರಿಂದ 17 ವರ್ಷದ 126 ಮಕ್ಕಳ ಮ್ಯಾಲೆ ಹತ್ತು ವಾರದಾಗ ಎಂಟು ಸಲ ಕೂಡಿಸಿ ನೋಡಿದ್ರು, ಅರ್ಧಕ್ಕಿಂತ ತುಸು ಹೆಚ್ಚು ಮಕ್ಕಳಿಗೆ ಚಲೋ ಫರಕ ಬಿತ್ತು, ಬರೇ ಮಾತಾಡಿ ಧೈರ್ಯ ಹೇಳಿದ ಗುಂಪಿನ್ಯಾಗ ಐದರಾಗ ಒಬ್ಬರಿಗೆ. ನಿಮ್ಮ ಸೈಕಾಲಜಿಸ್ಟ್‌ಗೆ ಇದರ ಟ್ರೇನಿಂಗ್ ಆಗ್ಯದೇನು ನೇರ ಕೇಳ್ರಿ, ಆಗ್ಯದ ಅಂದ್ರ ಚೆಂಡಿ ಬಾರಿಸೂ ವಿಡಿಯೋ ಒಂದು, ಮನಿ ಅಭ್ಯಾಸ ಮಾಡೂವಾಗಿಂದು ಒಂದು ಒಯ್ಯಿರಿ. ಡಾಕ್ಟರ ಮುಂದ ಕೂತಾಗ ಈ ಮಕ್ಕಳು ಎಷ್ಟೋ ಸಲ ಒಂದೂ ಟಿಕ್ ಮಾಡೂದಿಲ್ಲ.

ಟಿಫಿನ್ನಿಗೆ, ಶೂ ಸ್ಟ್ಯಾಂಡ್ ಮ್ಯಾಲೊಂದು ಸಣ್ಣ ಹಲಗಿ ಬಡೀರಿ. ಅತ್ತಿಯವರೂ ಸುಮ್ಮನಾಗ್ತಾರ.

ಮಾಟುಂಗಾ_ರಾಯರು:

ಹಲಗೆ ಬೇಡಮ್ಮ, ಅದೇ ಮೊಳೆಗೆ ಒಂದು ಬಟ್ಟೆ ಚೀಲ ನೇತುಹಾಕಿ, ಟಿಫಿನ್ ಅದರಲ್ಲಿ. ನಮ್ಮ ಮನೇಲಿ ಹಾಗೇ ಇತ್ತು, ಈಗ ನೆನಪಾಯ್ತು.