‘ನಾರ್ಮಲ್ ಸ್ಕೂಲ್’: ಕನ್ನಡದಲ್ಲಿ ಏನೆನ್ನೋಣ?

ಬಲ್ಲವರಿಗೆ ನಮಸ್ಕಾರ.

ಅಮೆರಿಕದ ಇಲಿನಾಯ್ ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಬಗ್ಗೆ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. 1857ರಲ್ಲಿ ಪ್ರಾಥಮಿಕ ಶಾಲೆಗಳಿಗೆ ಉಪಾಧ್ಯಾಯರನ್ನು ಸಿದ್ಧಪಡಿಸಲೆಂದು ಹುಟ್ಟಿದ ಸಂಸ್ಥೆ ಅದು. ಆಗಿನ ಹೆಸರು ‘ಇಲಿನಾಯ್ ಸ್ಟೇಟ್ ನಾರ್ಮಲ್ ಯೂನಿವರ್ಸಿಟಿ’. ಅದರ ಹಣಕಾಸಿನ ಖಾತರಿ ಪತ್ರವನ್ನು ಬರೆದುಕೊಟ್ಟ ವಕೀಲರು ಅಬ್ರಹಾಂ ಲಿಂಕನ್. ಯಂತ್ರಾನುವಾದಕ್ಕೆ ಹಾಕಿ ನೋಡಿದೆ. ‘ಇಲಿನಾಯ್ ರಾಜ್ಯ ಸಾಮಾನ್ಯ ವಿಶ್ವವಿದ್ಯಾಲಯ’ ಎಂದು ಬಂತು. ಸಾಮಾನ್ಯವಲ್ಲದ ವಿಶ್ವವಿದ್ಯಾಲಯ ಬೇರೆ ಎಲ್ಲಿದೆಯೋ!

ಇಲ್ಲಿನ ‘ನಾರ್ಮಲ್’ಗೂ ಸಾಮಾನ್ಯಕ್ಕೂ ಸಂಬಂಧವಿಲ್ಲ. ಲ್ಯಾಟಿನ್ನಿನ ‘ನಾರ್ಮಾ’ ಎಂದರೆ ಬಡಗಿಯ ಮೂಲೆಮಟ್ಟ, ಮರದ ಎರಡು ಅಂಚುಗಳು ಲಂಬ ಕೋನದಲ್ಲಿ ಕೂಡಿವೆಯೇ ಎಂದು ಇಟ್ಟು ನೋಡುವ ಸಾಧನ. ಗಣಿತದಲ್ಲಿ ನಾವು ‘ಲಂಬ’ ಎನ್ನುವ ‘ನಾರ್ಮಲ್’ ಕೂಡ ಈ ಮೂಲೆಮಟ್ಟದ ಮಗುವೇ. ಮುಂದೆ ಅದು ಅಳತೆಗೋಲು, ಕಟ್ಟಳೆ, ಅನುಸರಿಸಬೇಕಾದ ಮಾದರಿ ಎಂದೆಲ್ಲ ಬೆಳೆಯಿತು. ಪಾಠ ಹೇಳುವ ಸರಿಯಾದ ಕ್ರಮ ಯಾವುದು ಎಂದು ಗುರುಗಳಿಗೇ ಕಲಿಸುವ ಶಾಲೆಯನ್ನು 1790ರ ದಶಕದಲ್ಲಿ ಫ್ರೆಂಚರು ‘ಎಕೋಲ್ ನಾರ್ಮಾಲ್’ ಎಂದರು. ಅಮೆರಿಕದವರು ಹೆಸರನ್ನು ಅಲ್ಲಿಂದ ಎತ್ತಿಕೊಂಡರು. 1839ರಲ್ಲಿ ಮ್ಯಾಸಚೂಸೆಟ್ಸ್‌ನ ಲೆಕ್ಸಿಂಗ್ಟನ್‌ನಲ್ಲಿ ಅವರ ಮೊದಲ ಸರ್ಕಾರಿ ನಾರ್ಮಲ್ ಸ್ಕೂಲ್ ಆರಂಭವಾಯಿತು. ಅದೂ ಇಂದು ಫ್ರೇಮಿಂಗ್‌ಹ್ಯಾಮ್‌ನಲ್ಲಿ ವಿಶ್ವವಿದ್ಯಾಲಯವಾಗಿ ನಿಂತಿದೆ.

ಹಾಗಾದರೆ ‘ಮಾದರಿ ಶಾಲೆ’ ಎನ್ನಬಹುದೇ? ಅರ್ಥ ಹೊಂದುತ್ತದೆ, ಆದರೆ ಆ ಹೆಸರು ನಮ್ಮಲ್ಲಿ ಆಗಲೇ ಖರ್ಚಾಗಿದೆ. ‘ಸರ್ಕಾರಿ ಮಾದರಿ ಹಿರಿಯ ಪ್ರಾಥಮಿಕ ಶಾಲೆ’ ಎಂಬ ಫಲಕ ಊರೂರಲ್ಲಿದೆ, ಅಲ್ಲಿ ಕಲಿಯುವವರು ಮಕ್ಕಳು. ಸಾಲದ್ದಕ್ಕೆ ನಾರ್ಮಲ್ ಸ್ಕೂಲಿಗೆ ಅಂಟಿಕೊಂಡಂತೆ ಮಕ್ಕಳ ಶಾಲೆಯೊಂದು ಇರುತ್ತಿತ್ತು, ಭಾವೀ ಉಪಾಧ್ಯಾಯರು ಪಾಠ ಹೇಳಿ ಕೈ ಪಳಗಿಸಿಕೊಳ್ಳಲು. ಅದರ ಹೆಸರೇ ‘ಮಾಡಲ್ ಸ್ಕೂಲ್’. ತಾಯಿಯ ಹೆಸರನ್ನು ಮಗಳಿಗೆ, ಮಗಳದನ್ನು ತಾಯಿಗೆ ಇಟ್ಟಂತಾದೀತು.

ಉಳಿದದ್ದು ‘ಉಪಾಧ್ಯಾಯರ ತರಬೇತಿ ಶಾಲೆ’. ಸರಿಯೇ, ಯಾರಿಗೂ ಗೊಂದಲವಾಗದು. ‘ತರಬೇತಿ’ ಕಚೇರಿಯ ಒಣ ಪದ ಎಂದು ಕೆಲವರು ಮೂಗು ಮುರಿಯುತ್ತಾರೆ. ಅದರ ಮೂಲವಾದ ಅರಬ್ಬಿಯ ‘ತರ್ಬಿಯತ್’ಗೆ ಮಕ್ಕಳನ್ನು ಪೋಷಿಸಿ ಬೆಳೆಸುವುದು ಎಂಬ ಅರ್ಥವಿದೆ ಎಂದು ತಿಳಿದ ಮೇಲೆ ನನಗಂತೂ ಅದರ ಮೇಲೆ ಮಮತೆ ಹುಟ್ಟಿದೆ. ನನ್ನ ತೊಡಕು ಬೇರೆ. ಮೂಲ ಲೇಖನದ ಸ್ವಾರಸ್ಯವೆಲ್ಲ ‘ನಾರ್ಮಲ್’ ಎಂಬ ಸದ್ದಿನಲ್ಲೇ ಇದೆ. ಶಾಲೆ ನೆಲೆಸಿದ ಊರು ಮೊದಲು ‘ನಾರ್ತ್ ಬ್ಲೂಮಿಂಗ್ಟನ್’ ಆಗಿತ್ತು. ಶಾಲೆಯ ದೆಸೆಯಿಂದ 1865ರಲ್ಲಿ ಅದು ‘ನಾರ್ಮಲ್’ ಎಂಬ ಪಟ್ಟಣವಾಯಿತು. ಅಂತರ್ಯುದ್ಧಕ್ಕೆ ಅಲ್ಲಿನ ಮೊದಲ ಪ್ರಾಂಶುಪಾಲ ಚಾರ್ಲ್ಸ್ ಹೋವಿ ಮೇಷ್ಟರನ್ನೂ ವಿದ್ಯಾರ್ಥಿಗಳನ್ನೂ ಕಟ್ಟಿಕೊಂಡು ಹೊರಟಾಗ ಆ ದಂಡಿಗೆ ‘ನಾರ್ಮಲ್ ರೆಜಿಮೆಂಟ್’ ಎಂಬ ಹೆಸರು ಬಂತು. ಇದನ್ನು ‘ತರಬೇತಿ ದಂಡು’ ಎಂದರೆ ಹೊಸದಾಗಿ ಸೇರಿದ ಸಿಪಾಯಿಗಳ ಕವಾಯತು ಕಣ್ಣಿಗೆ ಬರುತ್ತದೆ. 1960ರ ದಶಕದಲ್ಲಿ ವಿಶ್ವವಿದ್ಯಾಲಯ ತನ್ನ ಹೆಸರಿನಿಂದ ‘ನಾರ್ಮಲ್’ ಕಳಚಿಹಾಕಿತು, ಊರು ಮಾತ್ರ ಇನ್ನೂ ಹೊತ್ತುಕೊಂಡಿದೆ.

ಚೀನೀಯರು ಈ ಗಂಟನ್ನು ಸಲೀಸಾಗಿ ಬಿಡಿಸಿದ್ದಾರೆ. ಅವರ ‘ಶಿಫಾನ್’ನಲ್ಲಿ ‘ಶಿ’ ಎಂದರೆ ಗುರು, ‘ಫಾನ್’ ಎಂದರೆ ಮಾದರಿ. 1902ರಲ್ಲಿ ಬೇರೂರಿದ ಬೀಜಿಂಗ್‌ನ ಅಂಥ ವಿಶ್ವವಿದ್ಯಾಲಯ ಇಂಗ್ಲಿಷಿನಲ್ಲಿ ಇಂದಿಗೂ ‘ನಾರ್ಮಲ್ ಯೂನಿವರ್ಸಿಟಿ’ಯೇ. ಅದನ್ನು ನೋಡಿ ‘ಗುರುಮಾದರಿ ಶಾಲೆ’ ಎಂದು ಹೊಸೆದು ನೋಡಿದೆ. ಬೆಳಗಾಗುವಷ್ಟರಲ್ಲಿ ನನಗೇ ಹಿಡಿಸಲಿಲ್ಲ.

ಅನುವಾದಿಸದೆ ‘ನಾರ್ಮಲ್ ಸ್ಕೂಲ್’ ಎಂದೇ ಇಟ್ಟು, ಮೊದಲ ಸಲ ಬಂದಲ್ಲಿ ಒಂದು ವಾಕ್ಯದಲ್ಲಿ ಬಿಡಿಸಿ ಹೇಳುವುದು ಲೇಸು ಎಂಬ ಕಡೆಗೆ ಈಗ ವಾಲಿದ್ದೇನೆ. ಇದು ಕನ್ನಡಕ್ಕೆ ಪರಕೀಯವೂ ಅಲ್ಲ. 19ನೆಯ ಶತಮಾನದ ಧಾರವಾಡದಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರು ನಡೆಸಿದ್ದು ನಾರ್ಮಲ್ ಸ್ಕೂಲನ್ನೇ. ‘ಟ್ರೇನಿಂಗ್ ಕಾಲೇಜು’ ಎಂಬ ಮಾತು ನೆಲೆಯಾದದ್ದು ಆಮೇಲೆ. ನಮ್ಮ ಅಜ್ಜ ‘ನಾನು ನಾರ್ಮಲ್ ಪಾಸಾದವನು’ ಎಂದಾಗಲೆಲ್ಲ ನಾವು ಹುಡುಗರು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಟಿಸಿಎಚ್, ಡಿ.ಎಡ್. ಎಂಬ ಆಮೇಲಿನ ಉಪಾಧ್ಯಾಯ ತರಬೇತಿಗಳ ಕಾಲದವರಿಗೆ ಅದು ಹೇಗೆ ಅರ್ಥವಾಗಬೇಕು?

ತಿಳಿದವರಲ್ಲಿ ಎರಡು ಪ್ರಶ್ನೆ. ನಿಮ್ಮ ಕಡೆಯ ಹಿರಿಯ ಮೇಷ್ಟರು ಈ ಶಾಲೆಯನ್ನು ಏನೆಂದು ಕರೆಯುತ್ತಿದ್ದರು? ಹಳೆಯ ಮೈಸೂರು, ಕರಾವಳಿ, ಹೈದರಾಬಾದ್ ಸೀಮೆಗಳಲ್ಲಿ ಬೇರೆ ಬೇರೆ ಹೆಸರುಗಳಿದ್ದಿರಬೇಕು. ಹಳೆಯ ಪ್ರಮಾಣಪತ್ರ ಮನೆಯಲ್ಲಿದ್ದರೆ ಅದರಲ್ಲಿ ಅಚ್ಚಾದ ಕನ್ನಡ ಪದವನ್ನೇ ತಿಳಿಸಿ. ಎರಡನೆಯದು: 1857ರ ಆ ಹೆಸರಿನ ‘ಯೂನಿವರ್ಸಿಟಿ’ಯನ್ನು ‘ವಿಶ್ವವಿದ್ಯಾಲಯ’ ಎನ್ನಲೇ? ಹೆಸರು ದೊಡ್ಡದಾದರೂ ಒಳಗಿದ್ದದ್ದು ತರಬೇತಿ ಶಾಲೆಯೇ. ‘ವಿದ್ಯಾಲಯ’ ಎಂದು ತಗ್ಗಿಸಿ ಬರೆದರೆ ಸತ್ಯಕ್ಕೆ ಹತ್ತಿರ, ಹೆಸರಿಗೆ ದೂರ.