18 ಟನ್ ಹೈಡ್ರಾಲಿಕ್ ಪ್ರೆಸ್ಸನ್ನು ವಸಂತನರಸಾಪುರದಿಂದ ಮೊಂಬಾಸಾಕ್ಕೆ ಕಳುಹಿಸುವ ಬಗ್ಗೆ

ಪ್ರಶ್ನೆ (ಯಂತ್ರ ತಯಾರಕರು, ತುಮಕೂರು)

ನಮ್ಮದು ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿರುವ ಸಣ್ಣ ಕಾರ್ಖಾನೆ. ಇಲ್ಲಿಯವರೆಗೆ ಪುಣೆ, ಕೊಯಮತ್ತೂರುಗಳಿಗೆ ಲಾರಿಯಲ್ಲಿ ಯಂತ್ರಗಳನ್ನು ಕಳುಹಿಸಿದ್ದೇವೆಯೇ ಹೊರತು ಹಡಗಿನಲ್ಲಿ ಕಳುಹಿಸಿದ್ದಿಲ್ಲ. ಈಗ ಕೀನ್ಯಾದ ಗ್ರಾಹಕರೊಬ್ಬರು ನಾಲ್ಕು ಕಂಬಗಳ ಪ್ರೆಸ್ಸೊಂದಕ್ಕೆ ಆರ್ಡರ್ ಕೊಟ್ಟಿದ್ದಾರೆ. ಅದರ ತೂಕ 18 ಟನ್, ನಿಂತಾಗ ಎತ್ತರ 3.6 ಮೀಟರ್, ತಳದ ಅಳತೆ 2.1 ಮತ್ತು 1.9 ಮೀಟರ್, ಪಕ್ಕಕ್ಕೆ ಜೋಡಿಸಿದ ಎಣ್ಣೆ ಟ್ಯಾಂಕ್ ಮತ್ತು ವಿದ್ಯುತ್ ಪ್ಯಾನೆಲ್ ಸೇರಿದರೆ ಅಗಲ 2.6 ಮೀಟರ್ ದಾಟುತ್ತದೆ. ಒಬ್ಬ ಫಾರ್ವರ್ಡರ್ (ಸರಕು ಸಾಗಣೆಯ ಏರ್ಪಾಡು ಮಾಡುವವರು) ಫ್ಲಾಟ್ ರ‍್ಯಾಕ್ (ಪಕ್ಕದ ಗೋಡೆ, ಛಾವಣಿ ಇಲ್ಲದ ಕಂಟೇನರ್) ಬೇಕೇ ಬೇಕು ಎನ್ನುತ್ತಾರೆ, ಇನ್ನೊಬ್ಬರು ಓಪನ್ ಟಾಪ್ (ಛಾವಣಿಯ ಬದಲು ಟಾರ್ಪಾಲಿನ್ ಇರುವ ಕಂಟೇನರ್) ಸಾಕು ಎನ್ನುತ್ತಾರೆ, ಇಬ್ಬರ ದರಗಳ ನಡುವೆ ದುಪ್ಪಟ್ಟು ಅಂತರವಿದೆ. ಗ್ರಾಹಕರು ಸಿಐಎಫ್ ಮೊಂಬಾಸಾ ಬೆಲೆ, ಅಂದರೆ ಅಲ್ಲಿಯವರೆಗಿನ ಹಡಗು ಬಾಡಿಗೆ ಮತ್ತು ವಿಮೆ ಸೇರಿದ ಬೆಲೆ ಕೇಳಿದ್ದಾರೆ. ಯಂತ್ರದ ಬೆಲೆ ಸುಮಾರು 70 ಲಕ್ಷ ರೂಪಾಯಿ. ಅನುಭವಿಗಳು ದಯವಿಟ್ಟು ಮಾರ್ಗದರ್ಶನ ನೀಡಬೇಕು.

ಉತ್ತರ 1 (ಪ್ರಾಜೆಕ್ಟ್ ಕಾರ್ಗೋ ಕೆಲಸದಲ್ಲಿರುವವರು)

ಇಬ್ಬರೂ ಫಾರ್ವರ್ಡರುಗಳು ತಮಗೆ ಸಿಕ್ಕ ಅಳತೆಗೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದಾರೆ ಎಂದು ನನ್ನ ಅನಿಸಿಕೆ. ಟ್ಯಾಂಕ್ ಮತ್ತು ಪ್ಯಾನೆಲ್ ಸಮೇತ ನಿಲ್ಲಿಸಿ ಕಳುಹಿಸುವುದಾದರೆ ಎತ್ತರ, ಅಗಲ ಎರಡೂ ಕಂಟೇನರಿನ ಚೌಕಟ್ಟಿನಿಂದ ಹೊರಗೆ ಹೋಗುವುದರಿಂದ ಫ್ಲಾಟ್ ರ‍್ಯಾಕ್ ಬಿಟ್ಟು ಬೇರೆ ದಾರಿಯಿಲ್ಲ. ಹಾಗೆ ಹೊರಚಾಚಿದ ಸರಕಿನ ಪಕ್ಕದಲ್ಲೂ ಮೇಲೂ ಬೇರೆ ಕಂಟೇನರ್ ಇಡಲಾಗದ ಕಾರಣ, ಹಡಗು ಕಂಪನಿ ಆ ಖಾಲಿ ಜಾಗದ ಬಾಡಿಗೆಯನ್ನೂ ನಿಮ್ಮಿಂದಲೇ ವಸೂಲು ಮಾಡುತ್ತದೆ. ದರ ದುಪ್ಪಟ್ಟಾಗಿರುವುದು ಅದಕ್ಕೇ.

ಟ್ಯಾಂಕ್, ಪ್ಯಾನೆಲ್, ಏಣಿಗಳನ್ನು ಬಿಚ್ಚಿ ಬೇರೆ ಪೆಟ್ಟಿಗೆಗೆ ಹಾಕಿ, ಪ್ರೆಸ್ಸನ್ನು ಮಲಗಿಸಿದರೆ ಉದ್ದ 3.6, ಅಗಲ 2.1, ಎತ್ತರ 1.9 ಮೀಟರ್ ಆಗುತ್ತದೆ. ಕೆಳಗೆ 20 ಸೆಂಟಿಮೀಟರ್ ಅಡಿಪಟ್ಟಿ ಕೊಟ್ಟರೂ ಎತ್ತರ 2.1 ಮೀಟರ್ ಮೀರದು. 20 ಅಡಿ ಕಂಟೇನರಿನ ಬಾಗಿಲು ಸುಮಾರು 2.34 ಮೀಟರ್ ಅಗಲ, 2.28 ಮೀಟರ್ ಎತ್ತರವಿರುವುದರಿಂದ ಲೆಕ್ಕಕ್ಕೆ ಇದು ಸಾಮಾನ್ಯ ಕಂಟೇನರಿಗೂ ಹಿಡಿಸುತ್ತದೆ. ಆದರೂ 18 ಟನ್ನನ್ನು ಬಾಗಿಲಿನಿಂದ ತಳ್ಳಿ ಒಳಗೆ ಕೂರಿಸುವ ಕೆಲಸಕ್ಕೆ ಕೈಹಾಕಬೇಡಿ. ಓಪನ್ ಟಾಪ್ ತೆಗೆದುಕೊಂಡು ಮೇಲಿನಿಂದ ಕ್ರೇನಿನಲ್ಲಿ ಇಳಿಸಿ. ಮಲಗಿಸುವ ಮೊದಲು ರ‍್ಯಾಮ್ (ಒತ್ತುವ ಭಾಗ) ಅಲುಗಾಡದಂತೆ ಬೋಲ್ಸ್ಟರಿಗೂ (ಕೆಳಗಿನ ಮೇಜು) ಅದಕ್ಕೂ ನಡುವೆ ಗಟ್ಟಿ ಆಧಾರ ಕೊಟ್ಟು ಬಿಗಿಯಬೇಕು, ಇಲ್ಲದಿದ್ದರೆ ದಾರಿಯುದ್ದಕ್ಕೂ ಅದರ ಭಾರವೆಲ್ಲ ಕಂಬಗಳ ಮೇಲೆ ಅದನ್ನು ಜಾರಿಸುವ ಗೈಡ್ ಬುಷ್‌ಗಳ ಮೇಲೆ ಬೀಳುತ್ತದೆ.

ಒಟ್ಟು ತೂಕಕ್ಕಿಂತ ಆ ತೂಕ ಎಷ್ಟು ಉದ್ದಕ್ಕೆ ಹರಡಿದೆ ಎಂಬುದನ್ನು ನೋಡುವವರು ಕಡಿಮೆ. 20 ಅಡಿ ಕಂಟೇನರಿನ ನೆಲಕ್ಕೆ ಸಾಮಾನ್ಯವಾಗಿ ಮೀಟರ್ ಉದ್ದಕ್ಕೆ 4.5 ಟನ್ ಮಿತಿ ಎಂದು ಇಟ್ಟುಕೊಳ್ಳುತ್ತಾರೆ. ನಿಮ್ಮ 18 ಟನ್ನನ್ನು 3.6 ಮೀಟರಿಗೆ ಹಂಚಿದರೆ ಮೀಟರಿಗೆ 5 ಟನ್ ಬರುತ್ತದೆ. ಆದ್ದರಿಂದ ಯಂತ್ರದ ಅಡಿಯಲ್ಲಿ ಅದಕ್ಕಿಂತ ಉದ್ದವಾದ ಎರಡು ಉಕ್ಕಿನ ಐ-ಬೀಮ್‌ಗಳನ್ನು ಹಾಕಿ ಭಾರವನ್ನು ಹರಡಲೇಬೇಕು.

ಲ್ಯಾಷಿಂಗ್ (ಸರಕನ್ನು ಕಟ್ಟಿ ಬಿಗಿಯುವುದು) ಬಗ್ಗೆಯೂ ಒಂದು ಲೆಕ್ಕ ಹೇಳುತ್ತೇನೆ. ಕಂಟೇನರಿನಲ್ಲಿ ಸರಕು ತುಂಬುವ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ, ತೆರೆದ ಸಮುದ್ರದಲ್ಲಿ ಹಡಗು ಹೊಯ್ದಾಡುವಾಗ ಸರಕಿನ ತೂಕದ 0.8 ಪಾಲಿನಷ್ಟು ಬಲ ಅಡ್ಡಡ್ಡಲಾಗಿ ಬೀಳುತ್ತದೆಂದು ಲೆಕ್ಕ ಹಾಕಬೇಕು, ಅಂದರೆ ನಿಮ್ಮ ಪ್ರೆಸ್ಸಿಗೆ 14 ಟನ್ನಿಗೂ ಹೆಚ್ಚು. ಕಂಟೇನರಿನ ನೆಲದ ಬಳಿ ಇರುವ, ಸರಕು ಕಟ್ಟುವ ಉಕ್ಕಿನ ಬಳೆಗಳು ತಲಾ 1 ಟನ್ ತಡೆಯುವಂತೆ ಮಾಡಿದವು. ಕೇವಲ ಬೆಲ್ಟ್ ಬಿಗಿದರೆ ಸಾಲದು. ಅಡಿಪಟ್ಟಿಗೂ ಕಂಟೇನರಿನ ತಳದ ಉಕ್ಕಿನ ಚೌಕಟ್ಟಿಗೂ ನಡುವೆ ನಾಲ್ಕೂ ಕಡೆ ದಪ್ಪ ಮರದ ತುಂಡುಗಳನ್ನು ಸಂದಿಲ್ಲದಂತೆ ಬಡಿಯಬೇಕು.

ಉತ್ತರ 2 (ಕಸ್ಟಮ್ಸ್ ಮತ್ತು ವಿಮೆ ದಾಖಲೆಗಳ ಕೆಲಸ ಮಾಡುವವರು)

ಮೇಲಿನವರು ಯಂತ್ರದ ವಿಷಯವನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಬೆಲೆಯ ಷರತ್ತಿನ ಬಗ್ಗೆ ಹೇಳುತ್ತೇನೆ. ಇನ್‌ಕೋಟರ್ಮ್ಸ್ 2020ರ (ಅಂತರರಾಷ್ಟ್ರೀಯ ವ್ಯಾಪಾರದ ಷರತ್ತುಗಳ ನಿಯಮಾವಳಿ) ಪ್ರಕಾರ ಸಿಐಎಫ್‌ನಲ್ಲಿ ಮಾರುವವರು ಕೊಡಬೇಕಾದ ವಿಮೆ ಅತ್ಯಂತ ಕನಿಷ್ಠ ಮಟ್ಟದ್ದು, ಅಂದರೆ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸ್ ‘ಸಿ’. ಅದರಲ್ಲಿ ಬೆಂಕಿ, ಹಡಗು ಮುಳುಗುವುದು, ಡಿಕ್ಕಿ ಮುಂತಾದವು ಸೇರಿವೆ. ಸಮುದ್ರದ ನೀರು ಕಂಟೇನರಿಗೆ ನುಗ್ಗುವುದಾಗಲಿ, ಬಂದರಿನಲ್ಲಿ ಇಳಿಸುವಾಗ ಯಂತ್ರ ಜಾರಿ ಬೀಳುವುದಾಗಲಿ ಸೇರಿಲ್ಲ. ಮೇಲೆ ಬರೀ ಟಾರ್ಪಾಲಿನ್ ಹೊದಿಸಿದ ಓಪನ್ ಟಾಪ್‌ಗೆ ‘ಸಿ’ ವಿಮೆ ಮಾಡಿಸುವುದು ನನ್ನ ದೃಷ್ಟಿಯಲ್ಲಿ ತಪ್ಪು. ಹೆಚ್ಚಿನ ಮಟ್ಟದ ವಿಮೆ ಕೇಳುವ ಸಿಐಪಿ ಷರತ್ತಿಗೆ ಗ್ರಾಹಕರನ್ನು ಒಪ್ಪಿಸಿ, ಬಹುತೇಕ ಎಲ್ಲ ಅಪಾಯಗಳನ್ನೂ ಒಳಗೊಂಡ ‘ಎ’ ವಿಮೆಯನ್ನೇ ಮಾಡಿಸಿ. ಅದರಲ್ಲೂ ಪ್ಯಾಕಿಂಗ್ ಸಾಲದೆ ಆದ ಹಾನಿಗೆ ಪರಿಹಾರವಿಲ್ಲ, ಆದ್ದರಿಂದ ಬೀಮ್, ಮರದ ತುಂಡು, ಲ್ಯಾಷಿಂಗ್ ಎಲ್ಲದರ ಫೋಟೋಗಳನ್ನು ದಿನಾಂಕ ಸಮೇತ ಇಟ್ಟುಕೊಳ್ಳಿ.

ಹಾನಿಯಾದರೆ ಹಡಗು ಕಂಪನಿಯೇ ಕೊಡುತ್ತದಲ್ಲವೇ ಎಂದು ಕೆಲವರು ಕೇಳುತ್ತಾರೆ. ಕಂಪನಿಯ ಹೊಣೆಗೆ ಕಾನೂನಿನಲ್ಲೇ ಮಿತಿಯಿದೆ: ಪ್ಯಾಕೇಜಿಗೆ 666.67 ಎಸ್‌ಡಿಆರ್ (ಐಎಂಎಫ್ ನಿಗದಿಪಡಿಸಿದ ಲೆಕ್ಕದ ಹಣ) ಅಥವಾ ಕಿಲೋಗೆ 2 ಎಸ್‌ಡಿಆರ್, ಯಾವುದು ಹೆಚ್ಚೋ ಅದು. 18 ಟನ್ನಿಗೆ 36,000 ಎಸ್‌ಡಿಆರ್, ಅಂದರೆ ಸುಮಾರು 50,000 ಡಾಲರ್ ಆಸುಪಾಸು. ಅದೂ ತಪ್ಪು ಅವರದೆಂದು ಒಂದು ವರ್ಷದೊಳಗೆ ದಾವೆ ಹೂಡಿ ಸಾಧಿಸಿದರೆ ಮಾತ್ರ. 70 ಲಕ್ಷದ ಯಂತ್ರಕ್ಕೆ ಅದು ಸಾಲುವುದಿಲ್ಲ.

ಕಾಗದಪತ್ರಗಳ ವಿಷಯದಲ್ಲಿ ಐಇಸಿ (ಆಮದು-ರಫ್ತು ಸಂಕೇತ ಸಂಖ್ಯೆ), ಬ್ಯಾಂಕಿನ ಎಡಿ ಕೋಡ್ (ವಿದೇಶಿ ವಿನಿಮಯ ಬ್ಯಾಂಕಿನ ಗುರುತು) ನೋಂದಣಿ, ಐಜಿಎಸ್‌ಟಿ ಕಟ್ಟದೆ ಕಳುಹಿಸಲು ಎಲ್‌ಯುಟಿ (ಮುಚ್ಚಳಿಕೆ ಪತ್ರ), ಇವಿಷ್ಟನ್ನು ಈಗಲೇ ಮಾಡಿಸಿಕೊಳ್ಳಿ. ಕಂಟೇನರಿನ ತೂಕದ ದೃಢೀಕರಣ, ಅಂದರೆ ವಿಜಿಎಂ, 2016ರ ಜುಲೈ 1ರಿಂದ ಕಡ್ಡಾಯವಾಗಿದೆ. ಕೀನ್ಯಾಕ್ಕೆ ಹೋಗುವ ಸರಕನ್ನು ಇಲ್ಲಿಯೇ ತಪಾಸಣೆ ಮಾಡಿಸುವ ಪಿವಿಒಸಿ ಪದ್ಧತಿ ಇದೆ. ಅದು ನಿಮ್ಮ ಯಂತ್ರಕ್ಕೆ ಹೇಗೆ ಅನ್ವಯಿಸುತ್ತದೆ ಎಂದು ಗ್ರಾಹಕರಿಂದ ಲಿಖಿತವಾಗಿ ಪಡೆಯದೆ ಯಂತ್ರವನ್ನು ಕಾರ್ಖಾನೆಯಿಂದ ಹೊರಡಿಸಬೇಡಿ.

ಉತ್ತರ 3 (ನಿವೃತ್ತ ಡಿಸ್ಪ್ಯಾಚ್ ಮ್ಯಾನೇಜರ್)

ಎರಡು ಸಣ್ಣ ವಿಷಯಗಳು ಉಳಿದಿವೆ. ಅಡಿಪಟ್ಟಿಗೂ ಪೆಟ್ಟಿಗೆಗಳಿಗೂ ಬಳಸುವ ಮರ ಐಎಸ್‌ಪಿಎಂ 15ರ (ಪ್ಯಾಕಿಂಗ್ ಮರದ ಮೂಲಕ ಕೀಟ ಹರಡದಂತೆ ಮಾಡಿದ ಅಂತರರಾಷ್ಟ್ರೀಯ ನಿಯಮ) ಪ್ರಕಾರ ಶಾಖೋಪಚಾರ ಆದದ್ದಾಗಿರಬೇಕು. ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿರಬೇಕು, ಮರದ ಮೇಲೆ ಮುದ್ರೆ ಕಾಣಬೇಕು. ಕೊನೆಯ ಗಳಿಗೆಯಲ್ಲಿ ಬಡಗಿ ಪಕ್ಕದ ಸಾಮಿಲ್ಲಿನಿಂದ ತಂದು ಬಡಿದ ಒಂದೇ ಒಂದು ಮುದ್ರೆಯಿಲ್ಲದ ತುಂಡು ಇಡೀ ಕಂಟೇನರನ್ನು ಮೊಂಬಾಸಾ ಬಂದರಿನಲ್ಲಿ ತಡೆಯಬಲ್ಲದು.

ಎರಡನೆಯದು, ನಿಮ್ಮ ಹೈಡ್ರಾಲಿಕ್ಸ್‌ನಲ್ಲಿ ನೈಟ್ರೋಜನ್ ತುಂಬಿದ ಅಕ್ಯುಮುಲೇಟರ್ (ಒತ್ತಡ ಕೂಡಿಡುವ ಸಿಲಿಂಡರ್) ಇದ್ದರೆ ಅದು ಯುಎನ್ 3164 ಎಂಬ ವಿಶ್ವಸಂಸ್ಥೆಯ ಸಂಖ್ಯೆಯ ಅಡಿಯಲ್ಲಿ ಅಪಾಯಕಾರಿ ಸರಕಾಗುತ್ತದೆ. ಅನಿಲವನ್ನು ಪೂರ್ತಿ ಇಳಿಸಿ, ಇಳಿಸಿದ್ದಕ್ಕೆ ಪತ್ರ ಇಟ್ಟುಕೊಳ್ಳಿ. ಇಲ್ಲವೇ ಬುಕಿಂಗ್‌ನಲ್ಲೇ ತಿಳಿಸಿ. ಎಣ್ಣೆಯನ್ನೂ ಖಾಲಿ ಮಾಡಿ, ಮಷೀನಿಂಗ್ ಆದ ಮೈಗಳಿಗೆಲ್ಲ ತುಕ್ಕು ನಿರೋಧಕ ಬಳಿದು, ವಿಸಿಐ (ತುಕ್ಕು ತಡೆಯುವ ಆವಿ ಬಿಡುವ) ಹಾಳೆಯ ಮೇಲೆ ಅಲ್ಯೂಮಿನಿಯಂ ಹೊದಿಕೆ ಹಾಕಿ ಬೆಸೆಯಿರಿ, ತೇವ ಹೀರುವ ಚೀಲಗಳನ್ನೂ ಒಳಗೆ ಇಡಿ.

ಬಂದರು ಚೆನ್ನೈ ಇರಲಿ. ಮಳೆಗಾಲದಲ್ಲಿ ಶಿರಾಡಿ ಘಾಟಿಯನ್ನು ನಂಬಿ ಮಂಗಳೂರಿನ ಕಡೆ ಹೊರಡುವುದಕ್ಕಿಂತ, ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ಹೊಸಕೋಟೆಯ ಮೇಲೆ ಬೆಂಗಳೂರು ನಗರವನ್ನು ತಪ್ಪಿಸಿ ಚೆನ್ನೈ ರಸ್ತೆ ಹಿಡಿಯುವುದು ಟ್ರೈಲರಿಗೆ ನಿರಾಳ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮಲಗಿಸಿಯೇ ಕಳುಹಿಸಲು ನಿರ್ಧರಿಸಿದ್ದೇವೆ. ಬೀಮ್‌ಗಳ ನಕ್ಷೆಯನ್ನು ಈ ವಾರವೇ ಮಾಡಿಸುತ್ತೇವೆ. ಇನ್ನೊಂದೇ ಸಂಶಯ. ನಮ್ಮ ಪ್ರದೇಶದಲ್ಲಿ ಸುಲಭವಾಗಿ ಸಿಗುವುದು 14 ಟನ್ನಿನ ಹೈಡ್ರಾ (ಸಣ್ಣ ಚಲಿಸುವ ಕ್ರೇನ್). ಎರಡು ಹೈಡ್ರಾಗಳನ್ನು ಸೇರಿಸಿ ಎತ್ತಬಹುದೇ?

ಉತ್ತರ 1

ಬೇಡ. ಹೈಡ್ರಾದ 14 ಟನ್ ಎಂಬುದು ಬೂಮ್ (ಕ್ರೇನಿನ ಚಾಚುವ ತೋಳು) ಅತ್ಯಂತ ಹತ್ತಿರದಲ್ಲಿದ್ದಾಗಿನ ಸಾಮರ್ಥ್ಯ. ಬೂಮ್ ಚಾಚಿದಂತೆ ಅದು ಬೇಗನೆ ಇಳಿಯುತ್ತದೆ. ಟ್ರೈಲರ್ ಮೇಲೆ ಕುಳಿತ ಓಪನ್ ಟಾಪ್‌ನ ಅಂಚು ನೆಲದಿಂದ 4 ಮೀಟರಿಗಿಂತ ಮೇಲಿರುತ್ತದೆ. ಯಂತ್ರದ ತಳ ಅದನ್ನು ದಾಟಿ ಒಳಗೆ ಇಳಿಯಬೇಕಾದಾಗ ಎರಡು ಹೈಡ್ರಾಗಳು ಒಂದೇ ವೇಗದಲ್ಲಿ ಎತ್ತದಿದ್ದರೆ ಭಾರವೆಲ್ಲ ಒಂದರ ಮೇಲೆ ವಾಲುತ್ತದೆ. ಪೀಣ್ಯ ಅಥವಾ ನೆಲಮಂಗಲದ ಕಡೆಯಿಂದ 50 ಟನ್ ಸಾಮರ್ಥ್ಯದ ಟೆಲಿಸ್ಕೋಪಿಕ್ ಕ್ರೇನ್ ತರಿಸಿ. ಬಾಡಿಗೆ ಒಪ್ಪುವ ಮೊದಲು, ಕ್ರೇನ್ ನಿಲ್ಲುವ ಜಾಗದಿಂದ ಕಂಟೇನರಿನ ನಡುವಿನವರೆಗೆ ಎಷ್ಟು ಮೀಟರ್ ಎಂದು ಅಳೆದು, ಆ ದೂರಕ್ಕೆ ಎಷ್ಟು ಟನ್ ಎತ್ತುತ್ತದೆ ಎಂಬುದನ್ನು ಅವರ ಲೋಡ್ ಚಾರ್ಟಿನಲ್ಲಿ ನೀವೇ ನೋಡಿ. ಯಂತ್ರದ ಗುರುತ್ವ ಕೇಂದ್ರವನ್ನೂ ಸ್ಲಿಂಗ್ ಹಾಕುವ ಜಾಗಗಳನ್ನೂ ಎರಡೂ ಬದಿಯಲ್ಲಿ ಕೆಂಪು ಬಣ್ಣದಲ್ಲಿ ಬರೆಸಿಬಿಡಿ. ಮೊಂಬಾಸಾದಲ್ಲಿ ಇಳಿಸುವವರ ಕೈಯಲ್ಲಿ ನಿಮ್ಮ ನಕ್ಷೆ ಇರುವುದಿಲ್ಲ.