ಸ್ಯಾಕ್ ಸ್ಕೇಲ್‌ಗೆ ಕನ್ನಡದಲ್ಲಿ ಏನನ್ನೋಣ?

ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಆನ್‌ಲೈನ್ ನಕ್ಷೆಯಲ್ಲಿ ಪಶ್ಚಿಮ ಘಟ್ಟದ ಚಾರಣದ ದಾರಿಗಳನ್ನು ಗುರುತಿಸುವವರಿಗೆ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಪ್ರತಿ ದಾರಿಗೂ ಅದು ಎಂಥದ್ದು ಅಂತ ಹೇಳಲು ಅಂಟಿಸುವ ಟ್ಯಾಗ್‌ಗಳು ಇಂಗ್ಲಿಷಿನಲ್ಲೇ ಇರಲಿ. ಅರ್ಥವಾದರೂ ಕನ್ನಡದಲ್ಲಿ ತಿಳಿಯಬೇಕಲ್ವಾ?

ಕೆಲವು ಸಲೀಸಾಗಿ ಕೂತವು. ಅಲ್ಲಿ ‘ಹೈವೇ’ ಅನ್ನುವ ಟ್ಯಾಗು ಕಾಡಿನ ಕಾಲುದಾರಿಗೂ ಸಲ್ಲುತ್ತದೆ. ಹಾಗಾಗಿ ‘ಹೆದ್ದಾರಿ’ ಬಿಟ್ಟು ಬರೀ ‘ದಾರಿ’ ಅಂದಿದ್ದೇನೆ. ‘ಪಾತ್’ಗೆ ಕಾಲುದಾರಿ. ತೋಟಕ್ಕೋ ಕಾಡಿಗೋ ಜೀಪು, ಟ್ರ್ಯಾಕ್ಟರ್ ಹೋಗುವ ‘ಟ್ರ್ಯಾಕ್’ಗೆ ಬಂಡಿದಾರಿ. ದಾರಿ ಎಷ್ಟು ಕಾಣುತ್ತದೆ ಅನ್ನುವುದಕ್ಕೆ ‘ಜಾಡು’ ತುಂಬಾ ಚೆನ್ನಾಗಿ ಒಪ್ಪುತ್ತದೆ: ಜಾಡು ಸ್ಪಷ್ಟ, ಜಾಡು ಮಸುಕು, ಜಾಡೇ ಇಲ್ಲ.

ತೊಡಕಿರುವುದು ‘ಸ್ಯಾಕ್ ಸ್ಕೇಲ್’ನಲ್ಲಿ. ಇದು ಚಾರಣದ ದಾರಿ ಎಷ್ಟು ಕಠಿಣ ಅಂತ ಹೇಳುವ ಸ್ವಿಸ್ ಆಲ್ಪೈನ್ ಕ್ಲಬ್‌ನ ಅಳತೆ, ಟಿ1ರಿಂದ ಟಿ6ರವರೆಗೆ; ಅಂಕಿ ಏರಿದಂತೆ ದಾರಿ ಹೆಚ್ಚು ಕಠಿಣ. ಸುಲಭ, ಮಧ್ಯಮ, ಕಷ್ಟ ಅಂತ ಕನ್ನಡಿಸಿದರೆ ಓದುವವರು ಸುಸ್ತಿನ ಲೆಕ್ಕ ಹಾಕುತ್ತಾರೆ. ಈ ಅಳತೆ ಸುಸ್ತನ್ನು ನೋಡುವುದೇ ಇಲ್ಲ. ಎಷ್ಟು ದೂರ, ಎಷ್ಟು ಏರು ಅನ್ನುವುದೂ ಇದಕ್ಕೆ ಬೇಕಿಲ್ಲ. ಕಾಲಡಿಯ ನೆಲ ಎಂಥದ್ದು, ಜಾರಿದರೆ ಗತಿಯೇನು, ಕೈ ಬಳಸಬೇಕಾ, ಜಾಡು ಎಷ್ಟು ಸ್ಪಷ್ಟ ಅನ್ನುವುದೇ ಮುಖ್ಯ.

ಕುಮಾರಪರ್ವತವನ್ನೇ ನೋಡಿ. ಕುಕ್ಕೆಯಿಂದ ಗಿರಿಗದ್ದೆವರೆಗೆ ಬೇರು, ಕಲ್ಲುಗಳ ನಡುವೆ ಒಂದೇ ಸಮನೆ ಏರು. ಉಸಿರು ಕಟ್ಟುತ್ತದೆ, ಬೆವರು ಸುರಿಯುತ್ತದೆ. ಆದರೆ ಜಾಡು ಸವೆದು ಸ್ಪಷ್ಟವಾಗಿದೆ, ನೆಟ್ಟಗೆ ನಿಂತೇ ನಡೆಯಬಹುದು. ಹಾಗಾಗಿ ನನ್ನ ಪ್ರಕಾರ ಅದು ಟಿ2. ಬೀದಳ್ಳಿ ಕಡೆಯಿಂದ ಹತ್ತಿದರೆ ತುದಿಯ ಹತ್ತಿರ ಕಡಿದಾದ ಹಾಸುಬಂಡೆ ಸಿಗುತ್ತದೆ. ತುಂಡು ಚಿಕ್ಕದೇ, ಆದರೆ ಅಲ್ಲಿ ಕೈ ಊರದೆ ಆಗದು. ಆ ತುಂಡನ್ನು ಬೇರೆ ಮಾಡಿ ಟಿ3 ಅನ್ನಬೇಕು. ಎರಡಕ್ಕೂ ‘ಕಷ್ಟ’ ಅಂತ ಬರೆದರೆ, ಮಳೆಯಲ್ಲಿ ಬಂಡೆ ಹತ್ತುವವರಿಗೆ ಮೋಸ ಮಾಡಿದ ಹಾಗೆ.

ಅದಕ್ಕೇ ಮೈಗೆ ತಾಕುವ ಮಾತುಗಳನ್ನು ಯೋಚಿಸಿದ್ದೇನೆ. ಟಿ1ಕ್ಕೆ ‘ಸಲೀಸು ನಡಿಗೆ’, ಟಿ2ಕ್ಕೆ ‘ಏರುನಡಿಗೆ’, ಟಿ3ಕ್ಕೆ ‘ಕೈ ಊರುವ ದಾರಿ’, ಟಿ4ಕ್ಕೆ ‘ಕೈ ಹಿಡಿದು ಹತ್ತುವ ದಾರಿ’. ಕೊನೆಯದು ಸ್ವಲ್ಪ ಅನುಮಾನ. ಇನ್ನೊಬ್ಬರ ಕೈ ಹಿಡಿದು ಅಂತ ಕೇಳಿಸುತ್ತದೆ, ಅಲ್ವಾ? ‘ಏರುನಡಿಗೆ’ ಅಂದರೂ ಮತ್ತೆ ಏರಿನ ಮೇಲೇ ಗಮನ ಹೋಗುತ್ತದೆ.

ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಕಡೆಯವರು ದಯವಿಟ್ಟು ತಿಳಿಸಿ. ಕೈ ಊರಿ ದಾಟಬೇಕಾದ ಬಂಡೆದಾರಿಗೆ ನಿಮ್ಮೂರಲ್ಲಿ ಬೇರೆ ಹೆಸರಿದೆಯೇ? ಜೇನು ಕೀಳುವವರು, ದನ ಹುಡುಕಿಕೊಂಡು ಗುಡ್ಡ ಹತ್ತುವವರು ಏನನ್ನುತ್ತಾರೆ?